ಕೆಟ್ಟ ಜೀನ್, ಉಳಿದ ತಳಿ: ಭತ್ತದ ಜೀನೋಮ್ ಓದಿದ ಮೇಲೆ

ಭತ್ತದ ಜೀನೋಮನ್ನು ತುದಿಯಿಂದ ತುದಿಗೆ ಓದಿ ಮುಗಿಸಿದ ವರದಿ ‘ನೇಚರ್’ ಪತ್ರಿಕೆಯಲ್ಲಿ ಬಂದದ್ದು 2005ರ ಆಗಸ್ಟಿನಲ್ಲಿ. ಆ ಹೊತ್ತಿಗೆ ಬಾಪಟ್ಲದ ಬಿಪಿಟಿ 5204, ಅಂದರೆ ಸಾಂಬಾ ಮಸೂರಿ, ಬಿಡುಗಡೆಯಾಗಿ ಸುಮಾರು ಎರಡು ದಶಕವಾಗಿತ್ತು. ಗಂಗಾವತಿ, ಸಿಂಧನೂರಿನ ಕಾಲುವೆ ಬಯಲಿನಲ್ಲಿ ಅದು ಬೇರೂರಿತ್ತು. ಮಾರುಟೇರಿನ ಎಂಟಿಯು 7029, ಅಂದರೆ ಸ್ವರ್ಣ, ಪೂರ್ವ ಭಾರತದ ತಗ್ಗುಗದ್ದೆಗಳನ್ನು ಆಗಲೇ ತನ್ನದಾಗಿಸಿಕೊಂಡಿತ್ತು. ಜೀನೋಮ್ ಕೈಗೆ ಬಂದು ಇಪ್ಪತ್ತು ವರ್ಷ ಕಳೆದ ಮೇಲೂ ಈ ಎರಡು ತಳಿಗಳು ಗದ್ದೆ ಬಿಟ್ಟು ಹೋಗಿಲ್ಲ. ಇಷ್ಟು ದೊಡ್ಡ ವಿಜ್ಞಾನ ರೈತನ ಬೀಜದ ಚೀಲದೊಳಗೆ ಏನನ್ನು ಹಾಕಿತು ಎಂದು ಕೇಳುವುದು ಹಾಗಾಗಿ ನ್ಯಾಯವಾದ ಪ್ರಶ್ನೆ. ಉತ್ತರ ‘ಏನೂ ಇಲ್ಲ’ ಎಂದೂ ಅಲ್ಲ, ‘ಎಲ್ಲವೂ’ ಎಂದೂ ಅಲ್ಲ. ಈ ಅವಧಿಯಲ್ಲಿ ಹೆಸರು ಮಾಡಿದ ಜೀನ್‌ಗಳನ್ನು ಸಾಲಾಗಿ ಇಟ್ಟು ನೋಡಿದರೆ ಅವು ಹೆಚ್ಚುಕಡಿಮೆ ಎರಡು ಗುಂಪಾಗುತ್ತವೆ. ಒಂದು, ಕೆಲಸ ನಿಲ್ಲಿಸಿದ, ಕೆಟ್ಟುಹೋದ ಜೀನ್‌ಗಳು. ಕೆಟ್ಟದ್ದರಿಂದಲೇ ಮನುಷ್ಯನಿಗೆ ಉಪಯೋಗಕ್ಕೆ ಬಂದವು. ಇನ್ನೊಂದು, ಯಾವುದೋ ಊರಿನ ಹಳೆಯ ತಳಿಯಲ್ಲೋ ಕಾಡುಭತ್ತದಲ್ಲೋ ಮಾತ್ರ ಉಳಿದುಕೊಂಡಿದ್ದ ಜೀನ್‌ಗಳು. ಮೊದಲ ಗುಂಪಿನದನ್ನು ಇಂದು ಪ್ರಯೋಗಾಲಯದಲ್ಲಿ ಬೇಕೆಂದಾಗ ಮಾಡಿಕೊಳ್ಳಬಹುದು. ಎರಡನೆಯದು ಯಾರಾದರೂ ಉಳಿಸಿಟ್ಟಿದ್ದರೆ ಮಾತ್ರ ಸಿಗುತ್ತದೆ. ಜೀನ್ ತಿದ್ದುವ ತಂತ್ರ ಬೆಳೆದಷ್ಟೂ ಹಳೆಯ ತಳಿಗಳ ಬೆಲೆ ಇಳಿಯುತ್ತದೆ ಎಂದು ತಿಳಿದವರಿದ್ದಾರೆ. ಪುರಾವೆ ತದ್ವಿರುದ್ಧ ದಿಕ್ಕನ್ನು ತೋರಿಸುತ್ತಿದೆ ಎಂಬುದು ಈ ಲೇಖನದ ವಾದ.

ಓದಿನ ಕಥೆಯನ್ನು ಬೇಗ ಹೇಳಿ ಮುಗಿಸಬಹುದು. ಏಕದಳ ಧಾನ್ಯಗಳಲ್ಲಿ ಭತ್ತದ ಜೀನೋಮ್ ಚಿಕ್ಕದು: ಹನ್ನೆರಡು ವರ್ಣತಂತು, ಸುಮಾರು 38.9 ಕೋಟಿ ಡಿಎನ್‌ಎ ಅಕ್ಷರ. ಗೋಧಿಯದು ಇದರ ನಲವತ್ತು ಪಟ್ಟು. ಈ ಚಿಕ್ಕತನವೇ ಭತ್ತವನ್ನು ಮೊದಲು ಓದಿಸಿಕೊಂಡ ಧಾನ್ಯವನ್ನಾಗಿ ಮಾಡಿತು. 2002ರಲ್ಲಿ ಎರಡು ಕರಡುಗಳು ಬಂದವು. ಚೀನಾದ ತಂಡ ಇಂಡಿಕಾ ಗುಂಪಿನ ಒಂದು ತಳಿಯನ್ನು, ಸಿಂಜೆಂಟಾ ಕಂಪನಿ ಜಪಾನಿನ ನಿಪ್ಪೊನ್‌ಬಾರೆ ತಳಿಯನ್ನು ಓದಿತ್ತು. ಜಪಾನಿನ ಮುಂದಾಳುತನದಲ್ಲಿ ಹಲವು ದೇಶಗಳು ವರ್ಣತಂತುಗಳನ್ನು ಹಂಚಿಕೊಂಡು ಮಾಡಿದ ನಿಖರ ಓದು 2005ರದು. ಅದರಲ್ಲಿ ಹನ್ನೊಂದನೆಯ ವರ್ಣತಂತುವಿನ ಒಂದು ಪಾಲನ್ನು ಓದಿದವರು ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಆವರಣದಲ್ಲಿದ್ದ ಸಸ್ಯ ಜೈವಿಕ ತಂತ್ರಜ್ಞಾನ ಕೇಂದ್ರ ಮತ್ತು ದೆಹಲಿ ವಿಶ್ವವಿದ್ಯಾಲಯದ ವಿಜ್ಞಾನಿಗಳು. ಪ್ರೋಟೀನ್ ತಯಾರಿಸುವ 37,544 ಜೀನ್‌ಗಳಿವೆ ಎಂದು ಆ ವರದಿ ಅಂದಾಜು ಮಾಡಿತು. ಆಗ ಬಿಟ್ಟುಹೋಗಿದ್ದ ಸಂದುಗಳೂ ತುಂಬಿದ ಓದು 2023ರಲ್ಲಿ ಬಂತು. ಇವತ್ತು ಒಂದು ಭತ್ತದ ಜೀನೋಮ್ ಓದುವುದು ಸಾಧಾರಣ ಪ್ರಯೋಗಾಲಯಕ್ಕೂ ಕೈಗೆಟುಕುವ ಕೆಲಸ. ಓದಲು ಬರುವುದಿಲ್ಲ ಎಂಬ ಅಡ್ಡಿ ಎಂದೋ ನಿವಾರಣೆಯಾಯಿತು.

ಕೆಟ್ಟ ಜೀನ್‌ಗಳ ಮಾತಿಗೆ ಬರೋಣ. ಹಸಿರು ಕ್ರಾಂತಿಯ ಭತ್ತ ಎನಿಸಿದ ಐಆರ್-8 ತಳಿಯನ್ನು ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ 1966ರಲ್ಲಿ ಬಿಡುಗಡೆ ಮಾಡಿತು. ಇಂಡೊನೇಷ್ಯಾದ ಎತ್ತರದ ‘ಪೇಟಾ’ ತಳಿಗೂ ತೈವಾನಿನ ಗಿಡ್ಡ ತಳಿ ‘ಡೀ-ಜಿಯೊ-ವೂ-ಜೆನ್’ಗೂ ಮಾಡಿದ ಸಂಕರ ಅದು. ಉದ್ದನೆಯ ಪೈರಿಗೆ ಗೊಬ್ಬರ ಹಾಕಿದರೆ ತೆನೆ ತೂಕಕ್ಕೆ ಬಾಗಿ ನೆಲಕಚ್ಚುತ್ತಿತ್ತು; ಗಿಡ್ಡ ಪೈರು ಗೊಬ್ಬರ ಉಂಡು ನಿಂತೇ ಇರುತ್ತಿತ್ತು. ಈ ಗಿಡ್ಡತನದ ಕಾರಣ ತಿಳಿದದ್ದು 2002ರಲ್ಲಿ. ಗಿಬ್ಬರೆಲ್ಲಿನ್ ಎಂಬ ಬೆಳವಣಿಗೆಯ ಹಾರ್ಮೋನನ್ನು ತಯಾರಿಸುವ ಒಂದು ಕಿಣ್ವದ ಜೀನಿನಲ್ಲಿ 383 ಅಕ್ಷರ ಕಳೆದುಹೋಗಿದ್ದವು. ಎಸ್‌ಡಿ-1 ಎಂದು ಕರೆಯುವ ಆ ಜೀನು ಕೆಲಸ ಮಾಡದೆ ಕಾಂಡ ಉದ್ದವಾಗಲಿಲ್ಲ, ಅಷ್ಟೆ. ಏಷ್ಯಾದ ಕೋಟ್ಯಂತರ ಜನರ ಅನ್ನಕ್ಕೆ ಕಾರಣವಾದದ್ದು ಒಂದು ಸಣ್ಣ ಕೊರತೆ. ಅಕ್ಕಿಯ ಬಿಳಿ ಬಣ್ಣವೂ ಹಾಗೆಯೇ. ಭತ್ತದ ಮೂಲ ಬಣ್ಣ ಕೆಂಪು. ಕರಾವಳಿಯವರ ಕೆಂಪಕ್ಕಿ ಗಂಜಿ ಆ ಹಳೆಯ ಸ್ಥಿತಿಯ ಮುಂದುವರಿಕೆ. ‘ಆರ್‌ಸಿ’ ಎಂಬ ಜೀನಿನಲ್ಲಿ ಹದಿನಾಲ್ಕು ಅಕ್ಷರ ಅಳಿಸಿಹೋದಾಗ ಸಿಪ್ಪೆಯ ಕೆಂಪು ನಿಂತುಹೋಯಿತು, ಮತ್ತು ಲೋಕದ ಬಿಳಿ ಅಕ್ಕಿಗಳಲ್ಲಿ ಬಹುಪಾಲು ಅದೇ ಒಂದು ಅಳಿವಿನ ಸಂತಾನ. ಬಾಸ್ಮತಿಯ ಪರಿಮಳವೂ ಒಂದು ಜೀನು ಕೆಟ್ಟದ್ದರ ಫಲ. ಪರಿಮಳವಾಗಬೇಕಾದ ವಸ್ತುವನ್ನು ಬೇರೆ ದಾರಿಗೆ ಹೊರಳಿಸುವ ಕಿಣ್ವವೊಂದಿದೆ. ಅದರ ಜೀನಿನಲ್ಲಿ ಎಂಟು ಅಕ್ಷರ ಕಳೆದಾಗ ಆ ವಸ್ತು ಕಾಳಿನಲ್ಲೇ ಉಳಿದು ಘಮಘಮಿಸಿತು. ಥಾಯ್ಲೆಂಡಿನ ಮಲ್ಲಿಗೆ ಅಕ್ಕಿಯಲ್ಲೂ ಅದೇ ಎಂಟು ಅಕ್ಷರಗಳ ಕೊರತೆ ಕಂಡುಬಂದದ್ದು, ಪರಿಮಳ ಎರಡು ನಾಡುಗಳಿಗೂ ಒಂದೇ ಮೂಲದಿಂದ ಹೋಯಿತೆಂದು ತೋರಿಸುತ್ತದೆ.

ಈ ಪಟ್ಟಿಯ ಪಾಠವನ್ನು ಜೀನ್ ತಿದ್ದುವವರು ಚೆನ್ನಾಗಿ ಗ್ರಹಿಸಿದ್ದಾರೆ. ಕ್ರಿಸ್ಪರ್ ಎಂಬ ತಂತ್ರ ಜೀನೋಮಿನಲ್ಲಿ ಗುರುತಿಸಿದ ಜಾಗವನ್ನು ಕತ್ತರಿಸುತ್ತದೆ. ಕೋಶ ಆ ಗಾಯವನ್ನು ಹೊಲಿಯುವಾಗ ಒಂದೆರಡು ಅಕ್ಷರ ಏರುಪೇರಾಗುತ್ತವೆ, ಜೀನು ಕೆಡುತ್ತದೆ. ಕೆಡಿಸುವುದರಲ್ಲಿ ಈ ತಂತ್ರಕ್ಕೆ ಸಾಟಿಯಿಲ್ಲ. 2025ರ ಮೇ 4ರಂದು ಕೇಂದ್ರ ಕೃಷಿ ಸಚಿವರು ದೆಹಲಿಯಲ್ಲಿ ಘೋಷಿಸಿದ ಎರಡು ಜೀನೋಮ್-ತಿದ್ದಿದ ಭತ್ತಗಳೂ ಇದೇ ದಾರಿಯವು. ಹೈದರಾಬಾದಿನ ಭಾರತೀಯ ಭತ್ತ ಸಂಶೋಧನಾ ಸಂಸ್ಥೆಯ ‘ಡಿಆರ್‌ಆರ್ ಧಾನ್ 100’ ಅಥವಾ ‘ಕಮಲಾ’ ಹುಟ್ಟಿದ್ದು ಸಾಂಬಾ ಮಸೂರಿಯಿಂದ. ತೆನೆಯಲ್ಲಿ ಕಾಳಿನ ಸಂಖ್ಯೆಯನ್ನು ಹೆಚ್ಚಿಸುವ ಸೈಟೊಕೈನಿನ್ ಹಾರ್ಮೋನನ್ನು ಒಡೆದುಹಾಕುವ ಕಿಣ್ವವೊಂದಿದೆ. ಅದರ ಜೀನನ್ನು ಇಲ್ಲಿ ನಿಷ್ಕ್ರಿಯಗೊಳಿಸಿದ್ದಾರೆ. ಇದೇ ಜೀನು ದುರ್ಬಲವಾಗಿರುವ ‘ಹಬಟಾಕಿ’ ತಳಿಯಲ್ಲಿ ಕಾಳು ಹೆಚ್ಚೆಂದು ಜಪಾನಿನ ವಿಜ್ಞಾನಿಗಳು 2005ರಲ್ಲೇ ತೋರಿಸಿದ್ದರು. ಎರಡನೆಯದು ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ‘ಪೂಸಾ ಡಿಎಸ್‌ಟಿ ರೈಸ್ 1’. ಎಂಟಿಯು 1010 ತಳಿಯಲ್ಲಿ ಬರ ಮತ್ತು ಉಪ್ಪಿನ ಸಹನೆಗೆ ಅಡ್ಡಿಯಾಗಿದ್ದ ಡಿಎಸ್‌ಟಿ ಎಂಬ ಜೀನನ್ನು ಅಲ್ಲಿ ಕೆಡಿಸಲಾಗಿದೆ. ಸಹಜ ಸ್ಥಿತಿಯಲ್ಲಿ ಡಿಎಸ್‌ಟಿ ಜೀನು ‘ಕಮಲಾ’ದಲ್ಲಿ ತಿದ್ದಿದ ಅದೇ ಜೀನನ್ನು ಚುರುಕುಗೊಳಿಸುತ್ತದೆ. ಅಂದರೆ ಎರಡು ಬೇರೆ ಪ್ರಯೋಗಾಲಯಗಳು ಗಿಡದ ಒಂದೇ ಹಾದಿಯ ಎರಡು ಕಡೆ ಕೈಯಿಟ್ಟಿವೆ. ಕಮಲಾದ ಇಳುವರಿ ಮೂಲ ತಳಿಗಿಂತ ಶೇ. 19ರಷ್ಟು ಹೆಚ್ಚು, ಕೊಯ್ಲು ಸುಮಾರು ಇಪ್ಪತ್ತು ದಿನ ಮೊದಲು ಎಂಬುದು ಸರ್ಕಾರದ ಹೇಳಿಕೆ. ಸಾಂಬಾ ಮಸೂರಿಯ ದೊಡ್ಡ ದೋಷವೇ ಅದರ ದೀರ್ಘ ಅವಧಿ. ಇಪ್ಪತ್ತು ದಿನದ ಉಳಿತಾಯ ನಿಜವಾದರೆ ಕಾಲುವೆಯ ಕೊನೆಯಂಚಿನ ರೈತನಿಗೆ ಅದು ಇಳುವರಿಗಿಂತ ದೊಡ್ಡ ಲಾಭ.

‘ನಿಜವಾದರೆ’ ಎಂದು ಹೇಳಬೇಕಾಗಿ ಬಂದದ್ದಕ್ಕೆ ಕಾರಣವಿದೆ. ಜಿಎಂ-ಮುಕ್ತ ಭಾರತಕ್ಕಾಗಿ ದುಡಿಯುವ ಒಕ್ಕೂಟ ಅಖಿಲ ಭಾರತ ಪ್ರಯೋಗಗಳ ವರದಿಗಳನ್ನೇ ಮುಂದಿಟ್ಟು, ಹೇಳಿದ ಲಾಭ ಎಲ್ಲ ಕೇಂದ್ರಗಳಲ್ಲಿ ಕಂಡಿಲ್ಲ ಎಂದು ಆಕ್ಷೇಪಿಸಿತು. ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ಆರೋಪವನ್ನು ಅಲ್ಲಗಳೆಯಿತು. ಈ ಜಗಳದಲ್ಲಿ ಎರಡು ಪ್ರಶ್ನೆಗಳು ಕಲಸಿಹೋಗಿವೆ, ಬಿಡಿಸಿ ನೋಡಬೇಕು. ಮೊದಲನೆಯದು ಸುರಕ್ಷತೆ. ಹೊರಗಿನ ಜೀನು ಉಳಿಯದ ಇಂಥ ತಿದ್ದುಪಡಿಗಳನ್ನು ಕೇಂದ್ರ ಪರಿಸರ ಸಚಿವಾಲಯ 2022ರ ಮಾರ್ಚಿನಲ್ಲಿ ಕುಲಾಂತರಿ ಬೆಳೆಗಳ ನಿಯಮಗಳಿಂದ ಹೊರಗಿಟ್ಟಿತು. ಕೆಟ್ಟ ಎಸ್‌ಡಿ-1, ಕೆಟ್ಟ ಆರ್‌ಸಿ ಜೀನ್‌ಗಳ ಅನ್ನವನ್ನು ತಲೆಮಾರುಗಳಿಂದ ಉಂಡು ಬಂದ ನಮಗೆ, ಅದೇ ಬಗೆಯ ಇನ್ನೊಂದು ಕೊರತೆ ತನ್ನಷ್ಟಕ್ಕೆ ಭಯದ ಕಾರಣವಾಗಬೇಕಿಲ್ಲ. ಕತ್ತರಿ ಬೇರೆ ಜಾಗದಲ್ಲೂ ಬಿದ್ದಿದೆಯೇ ಎಂದು ಇಡೀ ಜೀನೋಮ್ ಓದಿ ಪರೀಕ್ಷಿಸುವುದೂ ಈಗ ಸಾಧ್ಯ, ಮತ್ತು ಆ ಪರೀಕ್ಷೆಯ ಫಲಿತಾಂಶವನ್ನು ಸಾರ್ವಜನಿಕರ ಮುಂದಿಡಬೇಕೆಂದು ಕೇಳುವುದು ನ್ಯಾಯ. ಎರಡನೆಯದು ಇಳುವರಿಯ ಸತ್ಯ. ಇಲ್ಲಿ ವಿಮರ್ಶಕರ ಕೈ ಮೇಲಾಗಿದೆ ಎಂದೇ ನನ್ನ ಅಭಿಪ್ರಾಯ. ಒಂದು ಜೀನಿನಿಂದ ಇಳುವರಿ ಜಿಗಿಯಿತೆಂಬ ವರದಿಗಳು ದೊಡ್ಡ ಪತ್ರಿಕೆಗಳಲ್ಲಿ ಆಗಾಗ ಬರುತ್ತವೆ. 2022ರಲ್ಲಿ ಚೀನಾದ ತಂಡವೊಂದು ಒಂದೇ ಜೀನನ್ನು ಹೆಚ್ಚು ದುಡಿಸಿ ಭತ್ತದ ಇಳುವರಿಯನ್ನು ಶೇ. 40ಕ್ಕೂ ಮೇಲೆ ಏರಿಸಿದೆವೆಂದು ‘ಸೈನ್ಸ್’ ಪತ್ರಿಕೆಯಲ್ಲಿ ಬರೆಯಿತು. ಮರುವರ್ಷವೇ ಸಸ್ಯ ತಳಿವಿಜ್ಞಾನಿಗಳ ಒಂದು ಗುಂಪು ‘ನೇಚರ್’ನಲ್ಲಿ ಎಚ್ಚರಿಕೆಯ ಲೇಖನ ಪ್ರಕಟಿಸಿ, ಸಣ್ಣ ತಾಕುಗಳ, ಕೆಲವೇ ಜಾಗಗಳ ಪ್ರಯೋಗದಿಂದ ಇಳುವರಿಯ ಬಗ್ಗೆ ಇಷ್ಟು ದೊಡ್ಡ ಮಾತು ಆಡಬಾರದು, ಹಲವು ಊರು, ಹಲವು ವರ್ಷ, ಆಯಾ ಪ್ರದೇಶದ ಒಳ್ಳೆಯ ತಳಿಯ ಜೊತೆ ಹೋಲಿಕೆ ಇಲ್ಲದೆ ಒಪ್ಪಬಾರದು ಎಂದಿತು. ಆ ಅಳತೆಗೋಲು ಕಮಲಾಕ್ಕೂ ಸಲ್ಲಬೇಕು. ಮಂಡ್ಯದಲ್ಲಿ ಎಷ್ಟು, ಮುಗದದಲ್ಲಿ ಎಷ್ಟು, ಗಂಗಾವತಿಯಲ್ಲಿ ಎಷ್ಟು ಎಂಬ ಅಂಕಿಗಳನ್ನು ಕೇಂದ್ರವಾರು ಬಿಡಿಸಿ ಪ್ರಕಟಿಸಿದರೆ ಅರ್ಧ ಜಗಳ ಅಲ್ಲೇ ತೀರುತ್ತದೆ.

ಎರಡನೆಯ ಗುಂಪಿನ ಜೀನ್‌ಗಳ ಕಥೆ ಬೇರೆಯೇ. ಒಡಿಶಾದ ನೆರೆಪೀಡಿತ ಗದ್ದೆಗಳಿಂದ ಆರಿಸಿದ ಎಫ್‌ಆರ್13ಎ ಎಂಬ ತಳಿ ಎರಡು ವಾರ ಪೂರ್ತಿ ನೀರಿನಡಿ ಮುಳುಗಿದ್ದರೂ ಸಾಯುವುದಿಲ್ಲ. ಸಾಮಾನ್ಯ ಭತ್ತ ಮುಳುಗಿದಾಗ ಉಸಿರಿಗಾಗಿ ಮೇಲೇಳಲು ಹೋಗಿ, ಇದ್ದಬದ್ದ ಸಕ್ಕರೆಯನ್ನೆಲ್ಲ ಉದ್ದ ಬೆಳೆಯಲು ಸುರಿದು, ನೀರಿಳಿದಾಗ ಸತ್ವವಿಲ್ಲದೆ ಕೊಳೆಯುತ್ತದೆ. ಎಫ್‌ಆರ್13ಎ ಬೆಳವಣಿಗೆ ನಿಲ್ಲಿಸಿ ಸುಮ್ಮನಿರುತ್ತದೆ. ನೀರಿಳಿದ ಮೇಲೆ ಮತ್ತೆ ಚಿಗುರುತ್ತದೆ. ತಳಿ ಅಭಿವೃದ್ಧಿ ಮಾಡುವವರಿಗೆ ಇದು ಹಳೆಯ ಸಂಗತಿ. ಆದರೆ ಅದನ್ನು ಒಳ್ಳೆಯ ತಳಿಗಳೊಂದಿಗೆ ಸಂಕರಿಸಿದಾಗಲೆಲ್ಲ ಸಹನೆಯ ಜೊತೆ ಕಳಪೆ ಕಾಳು, ಕಡಿಮೆ ಇಳುವರಿಯೂ ಅಂಟಿಕೊಂಡು ಬರುತ್ತಿದ್ದವು. 1996ರಲ್ಲಿ ಕೆನಾಂಗ್ ಷು ಮತ್ತು ಡೇವಿಡ್ ಮ್ಯಾಕಿಲ್ ಈ ಗುಣ ಒಂಬತ್ತನೆಯ ವರ್ಣತಂತುವಿನ ಒಂದು ಸಣ್ಣ ಭಾಗದಲ್ಲಿದೆ ಎಂದು ಗುರುತಿಸಿದರು; 2006ರಲ್ಲಿ ಪಮೇಲಾ ರೊನಾಲ್ಡ್ ಅವರನ್ನೂ ಒಳಗೊಂಡ ತಂಡ ಸಬ್1ಎ ಎಂಬ ಜೀನನ್ನೇ ಬೇರ್ಪಡಿಸಿ ತೋರಿಸಿತು. ಜೀನಿನ ಜಾಗ ಗೊತ್ತಾದ ಮೇಲೆ ಪ್ರತಿ ತಲೆಮಾರಿನಲ್ಲೂ ಸಸಿಯ ಎಲೆಚೂರಿನ ಡಿಎನ್‌ಎ ನೋಡಿ, ಆ ಒಂದು ತುಣುಕು ಇದ್ದು ಉಳಿದುದೆಲ್ಲ ಸ್ವರ್ಣದ್ದೇ ಆಗಿರುವ ಗಿಡಗಳನ್ನು ಆರಿಸಲು ಸಾಧ್ಯವಾಯಿತು. ಹೀಗೆ ಹುಟ್ಟಿದ ಸ್ವರ್ಣ-ಸಬ್1 ತಳಿ 2009ರಲ್ಲಿ ಭಾರತದಲ್ಲಿ ಬಿಡುಗಡೆಯಾಯಿತು. ಇದರಲ್ಲಿ ಭತ್ತದ ಹೊರಗಿನಿಂದ ಸೇರಿಸಿದ್ದು ಏನೂ ಇಲ್ಲ. ಸಂಕರಣದ ಹಳೆಯ ಕೆಲಸಕ್ಕೆ ಹೊಸ ಕಣ್ಣು ಸಿಕ್ಕಿತ್ತು.

ಈ ಕಥೆಯಲ್ಲಿ ಸಾಕಷ್ಟು ಗಮನ ಸಿಗದ ಒಂದು ಸಂಗತಿ ಇದೆ, ನನ್ನ ವಾದದ ಗಟ್ಟಿ ನೆಲೆ ಅದು. ಲೋಕವೆಲ್ಲ ಕೊಂಡಾಡಿದ ನಿಪ್ಪೊನ್‌ಬಾರೆಯ ಜೀನೋಮಿನಲ್ಲಿ ಸಬ್1ಎ ಇಲ್ಲವೇ ಇಲ್ಲ. ಆ ಜಾಗದಲ್ಲಿ ಅದರ ಸೋದರ ಜೀನ್‌ಗಳು ಎರಡೇ ಇವೆ. ಆಳ ನೀರಿನ ಭತ್ತ ನೆರೆಯ ಜೊತೆ ಮೀಟರುಗಟ್ಟಲೆ ಬೆಳೆಯುವಂತೆ ಮಾಡುವ ಸ್ನಾರ್ಕೆಲ್ ಜೀನ್‌ಗಳು 2009ರಲ್ಲಿ ಸಿಕ್ಕವು, ಅವೂ ಅಲ್ಲಿಲ್ಲ. ರಂಜಕ ಕಡಿಮೆಯಿರುವ ಮಣ್ಣಿನಲ್ಲಿ ಬೇರನ್ನು ಚುರುಕಾಗಿ ಬೆಳೆಸುವ ಪಿಸ್ಟಾಲ್-1 ಎಂಬ ಜೀನನ್ನು 2012ರಲ್ಲಿ ಕಸಲತ್ ಎಂಬ ಹಳೆಯ ಭಾರತೀಯ ತಳಿಯಿಂದ ಪಡೆದರು, ಅದೂ ಅಲ್ಲಿಲ್ಲ. ಮೇಲ್ಪಂಕ್ತಿಯೆಂದು ಇಟ್ಟುಕೊಂಡ ಜೀನೋಮಿನಲ್ಲೇ ಇಲ್ಲದ್ದನ್ನು ಎಷ್ಟು ನಿಖರವಾಗಿ ಓದಿದರೂ ಕಾಣುವುದು ಹೇಗೆ? ಎಫ್‌ಆರ್13ಎ, ಕಸಲತ್, ಬರ-ಬಿಸಿಲು ತಾಳುವ ನಗೀನಾ 22, ಮೂರೂ ‘ಆಸ್’ ಗುಂಪಿನವು. ಗಂಗೆ-ಬ್ರಹ್ಮಪುತ್ರ ಬಯಲಿನ ಆಸುಪಾಸಿನ ಬಡ ರೈತರು ಕೆಟ್ಟ ನೆಲದಲ್ಲಿ, ಮಳೆ ನಂಬಿ ಬೆಳೆದ ಗುಂಪು ಅದು. ಮಾರುಕಟ್ಟೆಗೆ ಬೇಡವಾಗಿದ್ದ ಈ ಭತ್ತಗಳು ಒಂದರ ಹಿಂದೊಂದು ಬೆಲೆಬಾಳುವ ಜೀನ್‌ಗಳನ್ನು ಕೊಟ್ಟಿವೆ. ಚೀನಾದ ಕೃಷಿ ವಿಜ್ಞಾನ ಅಕಾಡೆಮಿ, ಅಲ್ಲಿನ ಜೀನೋಮ್ ಸಂಸ್ಥೆ ಬಿಜಿಐ ಮತ್ತು ಫಿಲಿಪ್ಪೀನ್ಸಿನ ಭತ್ತ ಸಂಶೋಧನಾ ಸಂಸ್ಥೆ ಸೇರಿ 89 ದೇಶಗಳ 3,010 ಭತ್ತಗಳನ್ನು ಓದಿ 2018ರಲ್ಲಿ ಪ್ರಕಟಿಸಿದ ಸಮೀಕ್ಷೆ ಇದನ್ನು ಅಂಕಿಯಲ್ಲಿ ಹೇಳಿತು: ನಿಪ್ಪೊನ್‌ಬಾರೆಯಲ್ಲಿ ಕಾಣದ ಹತ್ತು ಸಾವಿರಕ್ಕೂ ಹೆಚ್ಚು ಜೀನ್‌ಗಳು ಉಳಿದವುಗಳಲ್ಲಿ ಹರಡಿಕೊಂಡಿವೆ.

ರೋಗದ ವಿಷಯದಲ್ಲಿ ಅವಲಂಬನೆ ಇನ್ನೂ ಹೆಚ್ಚು. 1970ರ ದಶಕದಲ್ಲಿ ಹುಲ್ಲುಗುಚ್ಛದಂತೆ ಪೈರನ್ನು ಕುಗ್ಗಿಸುವ ನಂಜುರೋಗವೊಂದು ಏಷ್ಯಾದಲ್ಲಿ ಹಬ್ಬಿದಾಗ ಆರು ಸಾವಿರಕ್ಕೂ ಹೆಚ್ಚು ಮಾದರಿಗಳನ್ನು ಪರೀಕ್ಷಿಸಬೇಕಾಯಿತು. ಪ್ರತಿರೋಧ ಸಿಕ್ಕಿದ್ದು ಉತ್ತರ ಪ್ರದೇಶದಿಂದ ತಂದಿದ್ದ ಒಂದೇ ಒಂದು ಕಾಡುಭತ್ತದಲ್ಲಿ. ದುಂಡಾಣು ಅಂಗಮಾರಿ ರೋಗಕ್ಕೆ ಎದುರಾಗಿ ನಿಲ್ಲುವ ಎಕ್ಸ್ಎ21 ಜೀನು ಬಂದದ್ದು ಆಫ್ರಿಕದ ಮಾಲಿ ದೇಶದ ಕಾಡುಭತ್ತದಿಂದ. 1995ರಲ್ಲಿ ಅದನ್ನು ಬೇರ್ಪಡಿಸಿದರು. ಹೈದರಾಬಾದಿನ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರ (ಸಿಸಿಎಂಬಿ) ಮತ್ತು ಭತ್ತ ಸಂಶೋಧನಾ ನಿರ್ದೇಶನಾಲಯ ಸೇರಿ ಎಕ್ಸ್ಎ21ರ ಜೊತೆ ಎಕ್ಸ್ಎ13, ಎಕ್ಸ್ಎ5 ಎಂಬ ಇನ್ನೆರಡನ್ನೂ ಸಾಂಬಾ ಮಸೂರಿಗೆ ಸೇರಿಸಿ 2008ರಲ್ಲಿ ‘ಸುಧಾರಿತ ಸಾಂಬಾ ಮಸೂರಿ’ಯನ್ನು ಕೊಟ್ಟವು. ಮೂರನ್ನು ಒಟ್ಟಿಗೆ ಪೇರಿಸಿದ್ದಕ್ಕೆ ಕಾರಣ, ಒಂದೇ ಜೀನನ್ನು ನೆಚ್ಚಿಕೊಂಡರೆ ರೋಗಾಣು ಕೆಲವೇ ವರ್ಷಗಳಲ್ಲಿ ಅದಕ್ಕೆ ದಾರಿ ಕಂಡುಕೊಳ್ಳುತ್ತದೆ. ಜೀನಿನ ಜಾಗ ತೋರಿಸುವ ಡಿಎನ್‌ಎ ಗುರುತು, ಅಂದರೆ ಮಾರ್ಕರ್, ಇಲ್ಲದಿದ್ದರೆ ಈ ಪೇರಿಸುವ ಕೆಲಸ ಅಸಾಧ್ಯವೇ ಸರಿ. ಒಂದು ಜೀನು ರೋಗ ತಡೆದಾಗ ಉಳಿದೆರಡು ಇವೆಯೋ ಇಲ್ಲವೋ ಗಿಡ ನೋಡಿ ಹೇಳಲಾಗದು. ಇಲ್ಲಿ ಎಕ್ಸ್ಎ13ರ ಒಳಗುಟ್ಟು ಕುತೂಹಲದ್ದು. ದುಂಡಾಣು ತನ್ನದೊಂದು ಪ್ರೋಟೀನನ್ನು ಗಿಡದ ಕೋಶಕ್ಕೆ ಚುಚ್ಚಿ, ಸಕ್ಕರೆ ಹೊರಬಿಡುವ ಜೀನನ್ನು ನಲ್ಲಿ ತಿರುಗಿಸಿದಂತೆ ತೆರೆದು ತನ್ನ ಊಟ ಪಡೆಯುತ್ತದೆ. ಎಕ್ಸ್ಎ13 ಇರುವ ಗಿಡದಲ್ಲಿ ಆ ತಿರುಪಿನ ಜಾಗ ಬದಲಾಗಿದೆ, ದುಂಡಾಣುವಿನ ಕೈಗೆ ಸಿಗುವುದಿಲ್ಲ. ಇದನ್ನರಿತ ಅಂತರರಾಷ್ಟ್ರೀಯ ತಂಡವೊಂದು 2019ರಲ್ಲಿ ಇಂಥ ಹಲವು ತಿರುಪುಗಳನ್ನು ಕ್ರಿಸ್ಪರ್‌ನಿಂದ ಒಟ್ಟಿಗೆ ಬದಲಿಸಿ ತೋರಿಸಿತು. ಎರಡು ಗುಂಪುಗಳು ಇಲ್ಲಿ ಕೈ ಜೋಡಿಸುತ್ತವೆ: ದಾರಿ ತೋರಿಸಿದ್ದು ಹಳೆಯ ತಳಿ, ಅದನ್ನು ವಿಸ್ತರಿಸಿದ್ದು ತಿದ್ದುಪಡಿ. ಆದರೆ ಎಕ್ಸ್ಎ21ರಂಥ, ರೋಗಾಣುವನ್ನು ಗುರುತು ಹಿಡಿಯುವ ಇಡೀ ಒಂದು ಜೀನನ್ನು ಕೆಡಿಸುವಿಕೆಯಿಂದ ಹುಟ್ಟಿಸಲು ಬರುವುದಿಲ್ಲ.

ಇದಕ್ಕೊಂದು ಆಕ್ಷೇಪ ಏಳುತ್ತದೆ. ತಿದ್ದುವ ತಂತ್ರ ಕೆಡಿಸುವುದಷ್ಟೇ ಅಲ್ಲ, ಹೊಸ ತುಣುಕನ್ನು ಬೇಕಾದ ಜಾಗದಲ್ಲಿ ಕೂರಿಸಲೂ ಬಲ್ಲದು; ಜೀನಿನ ಅಕ್ಷರಮಾಲೆ ಗಣಕದಲ್ಲಿದ್ದರೆ ಬೀಜ ಯಾಕೆ ಬೇಕು? ಜೀನ್ ಬ್ಯಾಂಕುಗಳಲ್ಲಿ ಲಕ್ಷಗಟ್ಟಲೆ ಮಾದರಿಗಳಿವೆ, ಫಿಲಿಪ್ಪೀನ್ಸಿನ ಸಂಸ್ಥೆಯೊಂದರಲ್ಲೇ 1,30,000ಕ್ಕೂ ಹೆಚ್ಚು. ಅವನ್ನೆಲ್ಲ ಓದಿಬಿಟ್ಟರೆ ಮುಗಿಯಿತಲ್ಲ? ಮಾತು ಅರ್ಧ ಸರಿ. ಬ್ಯಾಂಕು ಬೇಕೇ ಬೇಕು. ಅದಿಲ್ಲದೆ ಮೇಲಿನ ಒಂದು ಕಥೆಯೂ ನಡೆಯುತ್ತಿರಲಿಲ್ಲ. ಆದರೆ ಕಥೆಗಳ ಕ್ರಮವನ್ನು ಗಮನಿಸಬೇಕು. ಯಾರೂ ಅಕ್ಷರಮಾಲೆಯನ್ನು ನೋಡಿ ‘ಇಲ್ಲಿ ನೆರೆ ತಾಳುವ ಜೀನಿದೆ’ ಎಂದು ಊಹಿಸಲಿಲ್ಲ. ಗದ್ದೆಯಲ್ಲಿ ಮುಳುಗಿ ಬದುಕಿದ ಭತ್ತವನ್ನು ರೈತರು ಕಂಡಿದ್ದರು, ವಿಜ್ಞಾನಿಗಳು ತೊಟ್ಟಿಯಲ್ಲಿ ಮುಳುಗಿಸಿ ಖಚಿತ ಮಾಡಿಕೊಂಡರು, ಆಮೇಲೆ ಜೀನನ್ನು ಹುಡುಕಿದರು. ಗುಣ ಮೊದಲು, ಅಕ್ಷರ ಆಮೇಲೆ. ಲಕ್ಷ ಮಾದರಿಗಳನ್ನು ಓದುವುದು ಈಗ ಅಗ್ಗ. ಅವನ್ನು ಉಪ್ಪುನೀರಿನಲ್ಲಿ, ಬರದಲ್ಲಿ, ಬೆಂಕಿ ರೋಗದ ಮಡಿಯಲ್ಲಿ ಬೆಳೆಸಿ ಗುಣ ಅಳೆಯುವುದು ದುಬಾರಿ, ನಿಧಾನ, ಬೆನ್ನುಬಾಗಿಸುವ ಕೆಲಸ. ಜೀನೋಮಿಗೆ ಹರಿದ ಹಣದ ಜೊತೆ ಈ ಕೆಲಸಕ್ಕೆ ಹರಿದ ಹಣವನ್ನು ಹೋಲಿಸಿದರೆ ನಮ್ಮ ಸಂಶೋಧನಾ ವ್ಯವಸ್ಥೆ ಎಲ್ಲಿ ಎಡವುತ್ತಿದೆ ಎಂದು ತಿಳಿಯುತ್ತದೆ.

ಬರದ ವಿಷಯದಲ್ಲಿ ಈ ಎಡವಟ್ಟು ಢಾಳಾಗಿ ಕಾಣುತ್ತದೆ. ನೆರೆಗೆ ಸಿಕ್ಕಂತೆ ಬರಕ್ಕೆ ಒಂದು ಒಂಟಿ ಜೀನು ಸಿಗಲಿಲ್ಲ. ಬೇರಿನ ಆಳ, ಎಲೆಯ ರಂಧ್ರ, ಹೂಬಿಡುವ ಕಾಲ, ಹೀಗೆ ಹತ್ತಾರು ಸಣ್ಣ ಗುಣಗಳು ಕೂಡಿ ಬರ ಸಹನೆಯಾಗುತ್ತದೆ. ಆದರೂ ಒಂದು ಗುಟ್ಟು ಹೊರಬಿತ್ತು. ಬರದಲ್ಲಿ ಇಳುವರಿ ಉಳಿಸುವ ಒಂದು ಮುಖ್ಯ ತುಣುಕು ಒಂದನೆಯ ವರ್ಣತಂತುವಿನಲ್ಲಿ ಎಸ್‌ಡಿ-1ರ ಪಕ್ಕದಲ್ಲೇ ಇದೆ, ಉದ್ದ ಪೈರಿನ ಗುಣದ ಜೊತೆ ಬೆಸೆದುಕೊಂಡು. ಹಸಿರು ಕ್ರಾಂತಿಯಲ್ಲಿ ಗಿಡ್ಡ ಪೈರನ್ನು ಆರಿಸಿದಾಗಲೆಲ್ಲ ಆರಿಸುವವರಿಗೆ ಗೊತ್ತಿಲ್ಲದೆಯೇ ಬರ ಸಹನೆಯ ಆ ತುಣುಕೂ ಹೊರಗೆ ಬಿತ್ತು. ಫಿಲಿಪ್ಪೀನ್ಸಿನ ಸಂಸ್ಥೆಯ ವಿಜ್ಞಾನಿಗಳು 2015ರಲ್ಲಿ ಇದನ್ನು ಪ್ರಕಟಿಸಿದರು. ಮಾರ್ಕರ್ ಹಿಡಿದು ಆ ಬೆಸುಗೆಯನ್ನು ಬಿಡಿಸಿ, ಗಿಡ್ಡವಾಗಿಯೂ ಬರ ತಾಳುವ ಗಿಡಗಳನ್ನೂ ಪಡೆದರು. ಕೆಟ್ಟ ಜೀನೊಂದನ್ನು ಬಾಚಿಕೊಂಡ ಸಂಭ್ರಮದಲ್ಲಿ ಪಕ್ಕದ ಒಳ್ಳೆಯದನ್ನು ಕಳೆದುಕೊಂಡಿದ್ದೆವು, ಮತ್ತು ಅದನ್ನು ಮರಳಿ ಪಡೆಯಲು ನಗೀನಾ 22ರಂಥ ಉದ್ದ ಹಳೆಯ ತಳಿಗಳು ಎಲ್ಲಾದರೂ ಉಳಿದಿರಬೇಕಿತ್ತು. ಜೀನೋಮಿಕ್ಸ್‌ನ ಅತಿ ಉಪಯುಕ್ತ ಕೆಲಸ ನನಗೆ ಕಾಣುವುದು ಇಂಥಲ್ಲಿ: ತಲೆಮಾರಿನ ಹಿಂದಿನ ಆಯ್ಕೆಯ ನಷ್ಟವನ್ನು ಗುರುತಿಸಿ ತುಂಬಿಕೊಡುವುದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಾ. ಶೈಲಜಾ ಹಿಟ್ಟಲಮನಿ ಅವರ ತಂಡ ಮಾರ್ಕರ್‌ಗಳ ನೆರವಿನಿಂದ ರೂಪಿಸಿ 2007ರಲ್ಲಿ ಹೊರತಂದ ಎಂಎಎಸ್ 946-1, ಕೆಸರು ಮಾಡದೆ, ನೀರು ನಿಲ್ಲಿಸದೆ, ರಾಗಿಯ ಹಾಗೆ ಬಿತ್ತಿ ಬೆಳೆಯುವ ಏರೋಬಿಕ್ ಭತ್ತ. ಜೀನ್‌ಗಳ ಸಂಗತಿ ಕರ್ನಾಟಕದ ಒಣಭೂಮಿಯ ಪ್ರಶ್ನೆಗೆ ನೇರವಾಗಿ ಬಂದು ತಾಗಿದ ಕೆಲಸ ಅದು. ಇಂಥ ಬಹುಜೀನ್ ಗುಣಗಳಿಗೆ ಈಗ ಇಡೀ ಜೀನೋಮಿನ ಸಾವಿರಾರು ಗುರುತುಗಳಿಂದ ಗಿಡದ ಸಾಮರ್ಥ್ಯವನ್ನು ಮುಂಚಿತವಾಗಿ ಲೆಕ್ಕ ಹಾಕುವ ವಿಧಾನ ಬಂದಿದೆ. ಅದೂ ಗದ್ದೆಯ ಅಳತೆಗಳಿಂದ ಕಲಿತೇ ಲೆಕ್ಕ ಹಾಕಬೇಕು. ಅಳತೆ ಕಳಪೆಯಾದರೆ ಲೆಕ್ಕವೂ ಕಳಪೆ.

ಇನ್ನೊಂದು ಕಡೆಯಿಂದ ಬರುವ ಆಕ್ಷೇಪ ಹೆಚ್ಚು ಆಳವಾದದ್ದು. ಹಳೆಯ ತಳಿಗಳಲ್ಲೇ ಇಷ್ಟೆಲ್ಲ ಇದ್ದರೆ ಅವನ್ನೇ ಬೆಳೆಯಬಾರದೇಕೆ? ಜೀನನ್ನು ಕಿತ್ತು ಸ್ವರ್ಣಕ್ಕೆ ಅಂಟಿಸುವ ಈ ಶ್ರಮ ಯಾರ ಲಾಭಕ್ಕೆ? ಸಾವಯವ ಚಳವಳಿಯ ಹಲವರು ಪ್ರಾಮಾಣಿಕವಾಗಿ ಕೇಳುವ ಪ್ರಶ್ನೆ ಇದು. ಒಡಿಶಾದ 128 ಹಳ್ಳಿಗಳಲ್ಲಿ ನಡೆದ, 2013ರಲ್ಲಿ ಪ್ರಕಟವಾದ ಕ್ಷೇತ್ರ ಪ್ರಯೋಗದಲ್ಲಿ ಇದಕ್ಕೆ ಉತ್ತರದ ಒಂದು ಭಾಗವಿದೆ. ಸ್ವರ್ಣ-ಸಬ್1 ಹತ್ತು ದಿನ ಮುಳುಗಿದ ಗದ್ದೆಯಲ್ಲಿ ಸ್ವರ್ಣಕ್ಕಿಂತ ಶೇ. 45ರಷ್ಟು ಹೆಚ್ಚು ಇಳುವರಿ ಕೊಟ್ಟಿತು, ನೆರೆ ಬಾರದ ವರ್ಷದಲ್ಲಿ ಏನನ್ನೂ ಕಳೆಯಲಿಲ್ಲ. ನೆರೆಗೆ ತುತ್ತಾಗುವ ತಗ್ಗಿನ ಗದ್ದೆಗಳು ಹೆಚ್ಚಾಗಿ ಕೆಳಜಾತಿಯವರ ಪಾಲಿನವು ಎಂಬುದನ್ನೂ ಅದೇ ಅಧ್ಯಯನ ತೋರಿಸಿತು. ಜೀನಿನ ಲಾಭ ಯಾರಿಗೆ ಬೇಕಿತ್ತೋ ಅವರತ್ತಲೇ ಹರಿಯುವ ಅಪರೂಪದ ಸಂದರ್ಭ. ಅದೇ ಸಂಶೋಧಕರ ಮುಂದಿನ ಕೆಲಸದಲ್ಲಿ, ನೆರೆಯ ಭಯ ತಗ್ಗಿದ ರೈತರು ಗೊಬ್ಬರಕ್ಕೂ ಬೇಸಾಯಕ್ಕೂ ಹೆಚ್ಚು ಹಾಕಿದರೆಂದು ಕಂಡಿತು. ಎಫ್‌ಆರ್13ಎ ತಾನೇ ಆ ಗದ್ದೆಯಲ್ಲಿದ್ದಿದ್ದರೆ ಪೈರು ಬದುಕುತ್ತಿತ್ತು, ಆದರೆ ಮನೆ ನಡೆಯುವಷ್ಟು ಕಾಳು ಆಗುತ್ತಿರಲಿಲ್ಲ. ಸಾಂಬಾ ಮಸೂರಿಯ ವಂಶಾವಳಿಯಲ್ಲೇ ಕೊಯಮತ್ತೂರಿನ ಜಿಇಬಿ-24, ತೈವಾನಿನ ಟಿಎನ್-1, ಮಲೇಷ್ಯಾದ ಮಸೂರಿ ಮೂರೂ ಸೇರಿವೆ. ಶುದ್ಧ ದೇಸಿ ಎನ್ನುವ ಗೆರೆಯನ್ನು ಅನ್ನದ ತಟ್ಟೆ ಎಂದೋ ದಾಟಿದೆ.

ಹಾಗೆಂದು ಹಳೆಯ ತಳಿಯನ್ನು ಜೀನಿನ ಗಣಿ ಎಂದು ಮಾತ್ರ ನೋಡಿ, ಜೀನು ತೆಗೆದ ಮೇಲೆ ಕೈಬಿಡುವುದೂ ಸರಿಯಲ್ಲ. ಕುಮಟಾ ತಾಲೂಕಿನ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳಲ್ಲಿ ಬೆಳೆಯುವ ಕಗ್ಗ ಭತ್ತ ಉಪ್ಪುನೀರಿನಲ್ಲಿ ನಿಂತು ತೆನೆ ಬಿಡುತ್ತದೆ. ಗೊಬ್ಬರ, ಔಷಧ ಕೇಳುವುದಿಲ್ಲ. ಕೇರಳದ ಪೊಕ್ಕಾಳಿ, ಗೋವೆಯ ಕೊರ್ಗುಟ್ ಇದರ ನೆಂಟರು. ಪೊಕ್ಕಾಳಿಯಿಂದ ಸಾಲ್ಟಾಲ್ ಎಂಬ ಉಪ್ಪುಸಹನೆಯ ತುಣುಕು ಬಂತು. ಬಂಗಾಳದ ನೋನಾ ಬೋಕ್ರಾ ತಳಿಯಿಂದ 2005ರಲ್ಲಿ, ಗಿಡದೊಳಗೆ ಸೋಡಿಯಮ್ಮನ್ನು ಹಿಡಿತದಲ್ಲಿಡುವ ಜೀನೊಂದು ಸಿಕ್ಕಿತು. ಸಸಿ ಹಂತದ ಉಪ್ಪಿಗೆ ಇವು ನೆರವಾಗುತ್ತವೆ. ಹೂಬಿಡುವ ಹೊತ್ತಿನ ಉಪ್ಪು, ಉಪ್ಪಿನ ಜೊತೆಗೇ ಬರುವ ನೆರೆ, ಈ ಜೋಡಿ ಹೊಡೆತಕ್ಕೆ ತಕ್ಕ ಉತ್ತರ ಇನ್ನೂ ವಿಜ್ಞಾನದ ಕೈಯಲ್ಲಿಲ್ಲ. ಕಗ್ಗ ಅದೇ ಜೋಡಿ ಹೊಡೆತದ ನಡುವೆ ಬದುಕುತ್ತಿರುವ ಭತ್ತ. ಸಿಗಡಿ ಕೃಷಿ ಹಬ್ಬಿ, ಕಟ್ಟೆಗಳು ಒಡೆದು, ಅದರ ನೆಲ ಕುಗ್ಗುತ್ತ ಬಂದಿದೆ. ಶೈತ್ಯಾಗಾರದಲ್ಲಿಟ್ಟ ಬೀಜ ಇಟ್ಟ ದಿನದ ಸ್ಥಿತಿಯಲ್ಲೇ ನಿಂತಿರುತ್ತದೆ; ಗಜನಿಯಲ್ಲಿರುವ ಕಗ್ಗ ಏರುತ್ತಿರುವ ಕಡಲಿನ ಜೊತೆ, ಬದಲಾಗುತ್ತಿರುವ ಕೀಟದ ಜೊತೆ ವರ್ಷ ವರ್ಷವೂ ಆಯ್ಕೆಗೆ ಒಳಗಾಗುತ್ತಿರುತ್ತದೆ. ಎರಡೂ ಬೇಕು.

ಅಂಥ ಗದ್ದೆಯನ್ನು ರೈತ ಯಾಕೆ ಉಳಿಸಬೇಕು, ಅವನಿಗೇನು ಸಿಗುತ್ತದೆ ಎಂಬಲ್ಲಿಗೆ ಮಾತು ಬಂದು ನಿಲ್ಲುತ್ತದೆ. ಛತ್ತೀಸಗಢದಲ್ಲಿ ಭತ್ತದ ವಿಜ್ಞಾನಿ ಆರ್.ಎಚ್. ರಿಛಾರಿಯಾ ಊರೂರು ತಿರುಗಿ ಕೂಡಿಹಾಕಿದ ಸಾವಿರಾರು ಭತ್ತಗಳ ಸಂಗ್ರಹ ರಾಯಪುರದ ಕೃಷಿ ವಿಶ್ವವಿದ್ಯಾಲಯದಲ್ಲಿದೆ. 2002ರಲ್ಲಿ ವಿಶ್ವವಿದ್ಯಾಲಯ ಸಿಂಜೆಂಟಾದ ಜೊತೆ ಒಪ್ಪಂದಕ್ಕೆ ಹೊರಟಾಗ ಜನ ಬೀದಿಗಿಳಿದರು, ಕಂಪನಿ ಹಿಂದೆ ಸರಿಯಿತು. ಆ ಪ್ರತಿಭಟನೆಯನ್ನು ವಿಜ್ಞಾನ ವಿರೋಧವೆಂದು ತಳ್ಳಿಹಾಕಿದವರು ತಪ್ಪಿದರು. ಅದು ಒಡೆತನದ ಪ್ರಶ್ನೆಯಾಗಿತ್ತು, ಇಂದಿಗೂ ಇತ್ಯರ್ಥವಾಗಿಲ್ಲ. ಕ್ರಿಸ್ಪರ್ ತಂತ್ರದ ಮೂಲ ಪೇಟೆಂಟುಗಳು ವಿದೇಶಿ ಸಂಸ್ಥೆಗಳ ಕೈಯಲ್ಲಿವೆ. ಹಾಗಿರುವಾಗ ಸಾರ್ವಜನಿಕ ಹಣದಿಂದ ಹುಟ್ಟಿದ ಕಮಲಾದ ಬೀಜವನ್ನು ರೈತ ಉಳಿಸಿ ಬಿತ್ತಬಹುದೇ, ಯಾವ ಷರತ್ತಿನ ಮೇಲೆ, ಎಂಬುದನ್ನು ಬರಹದಲ್ಲಿ ಕೊಡಬೇಕಾದದ್ದು ಸರ್ಕಾರದ ಕರ್ತವ್ಯ. ಹೈಬ್ರಿಡ್ ಬೀಜವೂ ತಲೆಮಾರು ಕಳೆದರೂ ಬದಲಾಗದೆ ಉಳಿಯುವಂತೆ, ಹೂವಿನ ಸಂಗಮವಿಲ್ಲದೆ ಬೀಜ ಕಟ್ಟಿಸುವ ಪ್ರಯೋಗ 2019ರಲ್ಲಿ ಕ್ಯಾಲಿಫೋರ್ನಿಯಾದ ವೆಂಕಟೇಶನ್ ಸುಂದರೇಶನ್ ಅವರ ತಂಡದಿಂದ ಬಂತು. ಅದು ಕೈಗೂಡಿದರೆ ಮಂಡ್ಯದ ಕೆಆರ್‌ಎಚ್-2ರಂಥ ಹೈಬ್ರಿಡ್ಡನ್ನೂ ರೈತ ತನ್ನ ಕಣಜದಿಂದಲೇ ಬಿತ್ತಬಹುದು. ಕೈಗೂಡಲು ಬಿಡುವವರು ಯಾರು ಎಂಬುದೇ ಪ್ರಶ್ನೆ. ನಮ್ಮ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯಲ್ಲಿ, ಉಳಿಸಿದ ಬೀಜ ಬಿತ್ತುವ ಹಕ್ಕೂ ಇದೆ, ತಳಿ ಉಳಿಸಿದ ಸಮುದಾಯಗಳಿಗೆ ಲಾಭದ ಪಾಲು ಕೊಡಲು ರಾಷ್ಟ್ರೀಯ ಜೀನ್ ನಿಧಿಯೂ ಇದೆ. ಕುಮಟಾ ತಾಲೂಕಿನ ಮಾಣಿಕಟ್ಟದ ಗಜನಿಯಲ್ಲಿ ಕಟ್ಟೆ ಕಟ್ಟುವ ಖರ್ಚಿಗೆ, ಅಲ್ಲಿಯೇ ಕಗ್ಗದ ಗುಣಗಳನ್ನು ವರ್ಷವಿಡೀ ಅಳೆಯುವ ಕೇಂದ್ರವೊಂದಕ್ಕೆ, ಬೆಳೆದವನಿಗೆ ಎಕರೆಗಿಷ್ಟು ಎಂಬ ನೇರ ಪಾವತಿಗೆ ಆ ನಿಧಿಯಿಂದಲೂ ರಾಜ್ಯದ ಬಜೆಟ್ಟಿನಿಂದಲೂ ಹಣ ತೆಗೆದಿಡುವುದನ್ನು ತಡೆಯುವ ಕಾನೂನು ಯಾವುದೂ ಇಲ್ಲ.